ಧಾರವಾಡದ ಆಸ್ಪತ್ರೆಯಿಂದ ಕೋಟದ ಪ್ರಶ್ನಾವಳಿಗೆ

ಅರಭಾವಿ ಸೀಮೆಯನ್ನೊಳಗೊಂಡ ಬೆಳಗಾವಿ ಜಿಲ್ಲೆಯು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದು, ಈ ಭಾಗದ ಮನೋರೋಗಿಗಳಿಗೆ ಹತ್ತಿರದ ಸರ್ಕಾರಿ ಆಶ್ರಯವೆಂದರೆ 1845ರಲ್ಲಿ ಆರಂಭವಾದ ಧಾರವಾಡದ ಆಸ್ಪತ್ರೆಯೇ ಆಗಿತ್ತು. ಮನೆಯವರ ಕೈಮೀರಿದವರ ಹೆಸರು ಅಲ್ಲಿನ ದಫ್ತರ ಸೇರುತ್ತಿತ್ತೇ ಹೊರತು, ಹೊಲದಲ್ಲಿ ದುಡಿಯುತ್ತಲೇ ಒಳಗೊಳಗೆ ಕುಗ್ಗಿಹೋದವರ ಲೆಕ್ಕ ಎಲ್ಲಿಯೂ ಸಿಗುತ್ತಿರಲಿಲ್ಲ.

ಅಂಥವರನ್ನು ಮನೆಬಾಗಿಲಲ್ಲೇ ಗುರುತಿಸುವ ಗಂಭೀರ ಯತ್ನವೊಂದು ಕನ್ನಡ ನೆಲದಲ್ಲಿ ನಡೆದದ್ದು ಕರಾವಳಿಯ ಕೋಟದಲ್ಲಿ. ಆರ್. ಎಲ್. ಕಪೂರ್, ಮಾಳವಿಕಾ ಕಪೂರ್ ಮತ್ತು ಜಿ. ಎಂ. ಕಾರ್ಸ್ಟೇರ್ಸ್ 1974ರಲ್ಲಿ ಪ್ರಕಟಿಸಿದ ಸಮೀಕ್ಷಾ ಪ್ರಶ್ನಾವಳಿಯು 124 ಲಕ್ಷಣಗಳನ್ನೂ ಪೂರ್ವವೃತ್ತಾಂತದ 10 ಅಂಶಗಳನ್ನೂ ವಿಚಾರಿಸುತ್ತಿತ್ತು. ಮೊದಲ ಹಂತಗಳ ಮಾಹಿತಿಯನ್ನು ಮನೋವೈದ್ಯರಲ್ಲದವರೇ ಸಂಗ್ರಹಿಸಬಹುದಾಗಿದ್ದು, ಉಳಿದ ಸಂದೇಹಗಳನ್ನು ಬಗೆಹರಿಸಲು ಮಾತ್ರ ಮನೋವೈದ್ಯರು ಬೇಕಾಗುತ್ತಿದ್ದರು. ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳನ್ನು ಕುರಿತ ಆ ಅಧ್ಯಯನ 1976ರಲ್ಲಿ ಗ್ರಂಥರೂಪ ತಾಳಿತು. ಇಂಥ ಕೆಲಸದಲ್ಲಿ ಎದುರಾಗುವ ಮೊದಲ ಪರೀಕ್ಷೆಯೆಂದರೆ ಒಬ್ಬನೇ ವ್ಯಕ್ತಿಯನ್ನು ಇಬ್ಬರು ಪರೀಕ್ಷಕರು ಬೇರೆಬೇರೆಯಾಗಿ ವಿಚಾರಿಸಿದಾಗ ಇಬ್ಬರ ಗುರುತುಗಳೂ ತಾಳೆಯಾಗುತ್ತವೆಯೇ ಎಂಬುದು. ಇದು ವಿಶ್ವಾಸಾರ್ಹತೆಯ, ಅಂದರೆ ಅಳತೆಯ ಸ್ಥಿರತೆಯ, ಒಂದು ಬಗೆ.

ಇನ್ನೊಂದು ಬಗೆಯಾದ ಆಂತರಿಕ ಸಾಂಗತ್ಯವು ಒಂದೇ ಭಾವವನ್ನು ಅಳೆಯಬೇಕಾದ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದನ್ನು ನೋಡುತ್ತದೆ. ಸ್ಪಿಯರ್‌ಮನ್ ಮತ್ತು ಬ್ರೌನ್ 1910ರಲ್ಲಿ ಬೇರೆಬೇರೆಯಾಗಿ ಕೊಟ್ಟ ಸೂತ್ರ, 1951ರಲ್ಲಿ ಕ್ರೋನ್‌ಬ್ಯಾಕ್ ಪ್ರಚುರಪಡಿಸಿದ ಆಲ್ಫಾ ಇವೆರಡೂ ಇದರ ಸಾಧನಗಳು. ಉದಾಹರಣೆಗೆ, 1995ರಲ್ಲಿ ಆಸ್ಟ್ರೇಲಿಯಾದ ಲೊವಿಬಾಂಡ್‌ದ್ವಯರು ಖಿನ್ನತೆ, ಆತಂಕ, ಒತ್ತಡಗಳಿಗಾಗಿ ರೂಪಿಸಿದ 42 ಹೇಳಿಕೆಗಳ ಮಾಪಕದ ಕಿರುರೂಪದಲ್ಲಿ ಮೂರಕ್ಕೂ ತಲಾ 7 ಹೇಳಿಕೆಗಳಿದ್ದು, ಕಳೆದ ಒಂದು ವಾರವನ್ನು ನೆನೆದು ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡಬೇಕಾಗುತ್ತದೆ. ಏಳು ಹೇಳಿಕೆಗಳ ವಿಶ್ವಾಸಾರ್ಹತೆ 0.70 ಇದ್ದರೆ, ಅದೇ ಗುಣದ ಇನ್ನೇಳನ್ನು ಸೇರಿಸಿದಾಗ ಸ್ಪಿಯರ್‌ಮನ್-ಬ್ರೌನ್ ಸೂತ್ರದ ಪ್ರಕಾರ ಅದು ಸುಮಾರು 0.82ಕ್ಕೇರುತ್ತದೆ, ಏರಿದ್ದು ಪಟ್ಟಿಯ ಉದ್ದದಿಂದ, ಪ್ರಶ್ನೆಗಳು ಹರಿತವಾದದ್ದರಿಂದಲ್ಲ. ಬೇಗ ಮುಗಿಸುವ ಆತುರದಲ್ಲಿ ಎಲ್ಲದಕ್ಕೂ ಒಂದೇ ಅಂಕಕ್ಕೆ ಗುರುತು ಹಾಕಿದವರು ಹೆಚ್ಚಿದ್ದರೂ ಆಲ್ಫಾ ಸೊಗಸಾಗಿಯೇ ಕಾಣಬಹುದಾದ್ದರಿಂದ, ವರದಿಗಳಲ್ಲಿ ಆ ಒಂದು ಅಂಕಿಗೆ ಸಲ್ಲುತ್ತಿರುವ ಗೌರವ ಅತಿಯಾಯಿತೆಂದೇ ಹೇಳಬೇಕು.

ಘಟಪ್ರಭೆಯ ನೀರನ್ನೂ ಕಬ್ಬನ್ನೂ ನಂಬಿದ ಅರಭಾವಿ ಸೀಮೆಯಲ್ಲಿ ವಿಶ್ವಾಸಾರ್ಹತೆಯ ಮತ್ತೊಂದು ಬಗೆಯಾದ ಮರುಪರೀಕ್ಷೆ, ಎಂದರೆ ಅದೇ ಜನರಿಗೆ ಅದೇ ಪ್ರಶ್ನೆಗಳನ್ನು ಕೆಲವು ದಿನಗಳ ತರುವಾಯ ಮತ್ತೆ ಕೇಳುವುದು, ಇನ್ನೂ ಸೂಕ್ಷ್ಮವಾದುದು. ವಾರವೆಂಬ ಅವಧಿಯನ್ನು ಹಿಂದಿನ ಸಂತೆಯಿಂದ ಈ ಸಂತೆಯವರೆಗೆ ಎಂದು ಗೊತ್ತುಪಡಿಸಿದರೆ ನೆನಪಿಗೆ ಆಧಾರ ಸಿಗುತ್ತದೆಯಾದರೂ, ಕಬ್ಬು ಕಡಿಯುವ ಗ್ಯಾಂಗು ಬಾರದೆ ಬೆಳೆ ಒಣಗುತ್ತಿರುವ ವಾರದಲ್ಲಿ ದೊರೆತ ಒತ್ತಡದ ಅಂಕವು ಕಾರ್ಖಾನೆಯ ಬಿಲ್ಲು ಜಮೆಯಾದ ವಾರದಲ್ಲಿ ಇಳಿದರೆ, ಬದಲಾದದ್ದು ರೈತನ ಸ್ಥಿತಿಯೇ ಹೊರತು ಮಾಪಕ ಕೆಟ್ಟದ್ದಲ್ಲ. ಆದಕಾರಣ ಇಲ್ಲಿ ಎರಡೂ ಸುತ್ತುಗಳನ್ನು ಹಂಗಾಮಿನ ಒಂದೇ ಘಟ್ಟದೊಳಗೆ ಮುಗಿಸಿ, ನಡುವೆ ಕಬ್ಬು ಸಾಗಿದವರನ್ನೂ ಹಣ ಕೈಸೇರಿದವರನ್ನೂ ಪ್ರತ್ಯೇಕವಾಗಿ ಲೆಕ್ಕಹಾಕಬೇಕಾಗುತ್ತದೆ.