ಕಂಬದ ಒಳಗಿನ ದಾರಿ

ಮುಂಬಯಿಗೆ ಬಂದ ಮೊದಲ ಮಳೆಗಾಲದಲ್ಲಿ ನನಗೆ ಸಿಕ್ಕಿದ ಬುದ್ಧಿಮಾತು ಒಂದೇ: ‘ಕಂಬದ ಒಳಗೇ ನಡಿ ಮಾರಾಯ, ರೋಡಿಗೆ ಇಳೀಬೇಡ.’ ಹೇಳಿದವರು ಬೋರಾ ಬಜಾರಿನಲ್ಲಿ ನಾನು ಕಪ್ಪು-ಬಸಿ ತೊಳೆಯುತ್ತಿದ್ದ ಹೋಟೆಲಿನ ಹಿರಿಯ ಸಪ್ಲೈಯರ್. ನಾವು ಹುಡುಗರೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಸಂಜೆ ಗಲ್ಲಾದಲ್ಲಿ ಕೂತ ಧಣಿಗಳ ಅಪ್ಪಣೆ ಪಡೆದು ನಾಲ್ಕೈದು ಮಂದಿ ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಓಡಬೇಕಿತ್ತು. ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಸೇರಿಸಿ, ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಕೆಳಗೆ ನಡೆದರೆ ಮಳೆ ತಾಗುತ್ತಿರಲಿಲ್ಲ, ಡಬಲ್ ಡೆಕ್ಕರ್ ಬಸ್ಸು ಮೈಮೇಲೆ ಬರುತ್ತದೆಂಬ ಭಯವೂ ಇರಲಿಲ್ಲ. ಒಂದು ಕಟ್ಟಡದ ಕಮಾನು ಮುಗಿಯುವಲ್ಲಿ ಇನ್ನೊಂದು ಕಟ್ಟಡದ್ದು ಶುರು.

ಆ ದಾರಿಯನ್ನು ಯಾರು ಮಾಡಿಸಿದರು, ದುಡ್ಡು ಯಾರದು ಎಂಬ ಪ್ರಶ್ನೆ ಆಗ ಬರಲಿಲ್ಲ. ಅದೇ ರಸ್ತೆಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ, ಅಂದಾಜುಪಟ್ಟಿ, ಟಿಪ್ಪಣಿ, ಮಂಜೂರಾತಿ ಎಂದು ಕಡತ ಹೊತ್ತು ತಿರುಗಿ ನಿವೃತ್ತನಾದ ಮೇಲೆ ಬಂತು. ಪುರುಸೊತ್ತಿನಲ್ಲಿ ಹಳೆಯ ಪುಸ್ತಕಗಳನ್ನು ತಿರುವಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದರ ಹಳೆಯ ಹೆಸರು ಹಾರ್ನ್‌ಬಿ ರೋಡು. ಹದಿನೆಂಟನೆಯ ಶತಮಾನದ ಗವರ್ನರ್ ವಿಲಿಯಂ ಹಾರ್ನ್‌ಬಿಯ ಹೆಸರು ಅದು. ಕೋಟೆಯ ಗೋಡೆ ನಿಂತಿದ್ದಷ್ಟು ದಿನ ಇದು ಅಗಲವಾಗುವಂತಿರಲಿಲ್ಲ. 1862ರಲ್ಲಿ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರಿಯರ್ ಗೋಡೆ ಕೆಡವಿಸಿದ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಚಿನ್ನದ ಬೆಲೆ ಬಂದ ಕಾಲ, ಊರಲ್ಲಿ ಹಣ ಹರಿಯುತ್ತಿತ್ತು. ಗೋಡೆ, ಕಂದಕ ಹೋಗಿ ತೆರವಾದ ನೆಲವನ್ನು ನಿವೇಶನ ಮಾಡಿ ಮಾರಿ, ಆ ಹಣದಿಂದಲೇ ರಸ್ತೆ, ಕಟ್ಟಡಗಳ ಖರ್ಚು ತೂಗಿಸುವುದು ಲೆಕ್ಕಾಚಾರವಾಗಿತ್ತು. ಇಂದಿನ ಊರುಗಳೂ ನೆಲ ಮಾರಿಯೇ ರಸ್ತೆ ಮಾಡುತ್ತವೆ. ಹೊಸ ಜಾಣತನವೇನಲ್ಲ.

1865ರಲ್ಲಿ ಹತ್ತಿ ಬೆಲೆ ಕುಸಿಯಿತು. ಅದೇ ವರ್ಷ ಹೊಸ ಕಾಯ್ದೆಯಡಿ ಆರ್ಥರ್ ಕ್ರಾಫರ್ಡ್ ಮುನಿಸಿಪಲ್ ಕಮಿಷನರ್ ಆದ. ರಸ್ತೆಯ ಉತ್ತರ ತುದಿಯಲ್ಲಿ ಈಗಲೂ ನಾವು ಹಣ್ಣು ಕೊಳ್ಳುವ ಕ್ರಾಫರ್ಡ್ ಮಾರ್ಕೆಟ್ ಅವನ ಕಾಲದ್ದೇ, 1869ರದ್ದು. ಕೆಲಸಗಾರ ಮನುಷ್ಯ. ಆದರೆ ಖರ್ಚಿಗೆ ಹಿಡಿತವಿಲ್ಲ, ಕೇಳುವವರೂ ಇಲ್ಲ. 1871ರ ಹೊತ್ತಿಗೆ ಖಜಾನೆ ಸೋರಿ, ತೆರಿಗೆ ಕಟ್ಟುವವರು ರೊಚ್ಚಿಗೆದ್ದರು. ಊರಿಗೆ ಊರೇ ಕಮಿಷನರನನ್ನು ಬಯ್ಯುತ್ತಿದ್ದಾಗ ಫಿರೋಜ್‌ಶಾ ಮೆಹ್ತಾ ಎಂಬ ಎಳೆಯ ವಕೀಲ ಎದ್ದು ನಿಂತು ಬೇರೆ ಮಾತು ಹೇಳಿದ: ಕೆಲಸ ಮಾಡಿಸುವ ಅಧಿಕಾರ ಒಬ್ಬನ ಕೈಯಲ್ಲೇ ಇರಲಿ, ಆದರೆ ಅವನ ಮೇಲೆ ಕಣ್ಣಿಡುವವರು ತೆರಿಗೆದಾರರು ಆರಿಸಿದವರಾಗಿರಲಿ. ಆ ದಿನ ಅದು ಯಾರಿಗೂ ರುಚಿಸಲಿಲ್ಲ. 1872ರ ಕಾಯ್ದೆಯಲ್ಲಿ ಪಾಲಿಕೆಯ ಅರ್ಧದಷ್ಟು ಸದಸ್ಯರನ್ನು ತೆರಿಗೆದಾರರೇ ಆರಿಸುವಂತಾಯಿತು. 1888ರ ಕಾಯ್ದೆಯಲ್ಲಿ ಕಮಿಷನರ್, ಪಾಲಿಕೆ, ಸ್ಥಾಯಿ ಸಮಿತಿ ಎಂಬ ಮೂರು ಕಂಬಗಳು ನಿಂತವು. ಇಷ್ಟಕ್ಕಿಂತ ದೊಡ್ಡ ಗುತ್ತಿಗೆಯಾದರೆ ಸ್ಥಾಯಿ ಸಮಿತಿ ಒಪ್ಪಲೇಬೇಕು ಎಂಬ ಪದ್ಧತಿ ಅಲ್ಲಿಂದ ಬಂತು. ಮುಂಬಯಿಯಲ್ಲಿ ಒಂದು ಫುಟ್‌ಪಾತಿನ ಕಲ್ಲು ಕೂರುವ ಮುನ್ನ ಎಷ್ಟು ಸಹಿ ಬೀಳಬೇಕು ಎಂಬುದರ ಬೇರು ಕ್ರಾಫರ್ಡನ ದುಂದಿನಲ್ಲಿದೆ.

ಇದೆಲ್ಲ ನಡೆಯುವಾಗ ರಸ್ತೆ ತುಂಬುತ್ತಲೇ ಇತ್ತು. 1874ರಲ್ಲಿ ಊರಿಗೆ ಕುದುರೆ ಟ್ರಾಮು ಬಂತು, 1907ರಲ್ಲಿ ಕರೆಂಟಿನದು. ಬೋರಿಬಂದರಿನಲ್ಲಿ ಎಫ್. ಡಬ್ಲ್ಯೂ. ಸ್ಟೀವನ್ಸ್ ಕಟ್ಟಿದ ವಿಕ್ಟೋರಿಯಾ ಟರ್ಮಿನಸ್ ಎದ್ದಿತು. ಅದರೆದುರೇ 1893ರಲ್ಲಿ ಅವನದೇ ನಕ್ಷೆಯ ಪಾಲಿಕೆಯ ಕಟ್ಟಡವೂ ಮುಗಿಯಿತು. ರೈಲಿಳಿದ ಜನ, ಗಾಡಿ, ಕುದುರೆ, ಟ್ರಾಮು ಎಲ್ಲ ಒಂದೇ ರಸ್ತೆಗೆ.

ಆಗ ಬಂದದ್ದೇ 1896ರ ನಿಯಮ. ಈ ರಸ್ತೆಗೆ ಮುಖ ಮಾಡಿ ಕಟ್ಟುವವನು ನೆಲ ಅಂತಸ್ತಿನಲ್ಲಿ ನಡೆಯುವವರಿಗಾಗಿ ಕಮಾನಿನ ಸಾಲು ಬಿಡಲೇಬೇಕು, ಅದು ಪಕ್ಕದ ಕಟ್ಟಡದ ಸಾಲಿಗೆ ಕೂಡಲೇಬೇಕು. ಮೇಲೆ ಗೋಥಿಕ್ ಮಾಡು, ಇಂಡೋ ಸಾರ್ಸೆನಿಕ್ ಮಾಡು, ನಿನ್ನ ಇಷ್ಟ. ಕೆಳಗಿನ ದಾರಿ ಮಾತ್ರ ಊರಿನದು. ಗುಮಾಸ್ತನ ಕಣ್ಣಿಗೆ ಇದರಲ್ಲಿ ಕಂಡ ಸೊಗಸು ಏನೆಂದರೆ, ಇದಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬತ್ತೇ ಬೇಕಿರಲಿಲ್ಲ. ಕಂಬದ ಖರ್ಚು ಕಟ್ಟಿಸುವವನದು, ಮಂಜೂರಾತಿ ಅವನ ನಕ್ಷೆಯ ಮಂಜೂರಾತಿಯಲ್ಲೇ ಸೇರಿತ್ತು. ಮಳೆಯಲ್ಲೂ ಗಿರಾಕಿ ಬಾಗಿಲವರೆಗೆ ಬರುವನೆಂದು ಅಂಗಡಿಯವನಿಗೂ ಲಾಭ. ಪ್ರತಿ ವರ್ಷ ಯಾರೂ ಯಾರ ಬಾಗಿಲಿಗೂ ಹೋಗಿ ಕೈಕಟ್ಟಿ ನಿಲ್ಲಬೇಕಿರಲಿಲ್ಲ.

ನಿಯಮ ಮಾಡಿದವರಿಗೆ ಹೋಟೆಲಿನ ಹುಡುಗರ ಚಿಂತೆ ಇತ್ತೆಂದು ನಾನು ಹೇಳುತ್ತಿಲ್ಲ. ವೈಟ್‌ಅವೇ ಲೇಡ್ಲಾದಂಥ ಅಂಗಡಿಗೆ ಬರುವ ಮಡಮ್ಮಂದಿರ ಲಂಗ ಕೆಸರಾಗದಿರಲಿ ಎಂಬುದೂ ಇದ್ದೀತು. ಅದೇ 1896ರಲ್ಲಿ ಪ್ಲೇಗು ಬಂದು, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ಪ್ರಿನ್ಸೆಸ್ ಸ್ಟ್ರೀಟಿನಂಥ ಅಗಲ ರಸ್ತೆಗಳನ್ನು ಬಡವರ ಮನೆಗಳ ಮೇಲೆಯೇ ಹಾಯಿಸಿತು. ಆದರೂ ವೈಟ್‌ಅವೇ ಲೇಡ್ಲಾದ ಕಟ್ಟಡಕ್ಕೆ ಮುಂದೆ ಖಾದಿ ಭಂಡಾರ ಬಂತು, ಹಾರ್ನ್‌ಬಿ ಹೋಗಿ ದಾದಾಭಾಯಿ ಬಂದರು, ಕಂಬದ ಒಳಗಿನ ದಾರಿ ಯಾರು ನಡೆದರೂ ಹಾಗೇ ಉಳಿಯಿತು.

ಹಾಗೇ ಉಳಿಯಿತು ಎಂದದ್ದು ಪೂರ್ತಿ ನಿಜವಲ್ಲ. ನಾನು ಆಫೀಸಿಗೆ ಸೇರಿದ ಮೇಲೆ ಕಣ್ಣೆದುರೇ ಕಮಾನುಗಳು ತುಂಬಿಕೊಂಡವು. ಮೊದಲು ಪೆನ್ನು, ಕರ್ಚೀಫು. ಆಮೇಲೆ ಕ್ಯಾಸೆಟ್ಟು, ಕ್ಯಾಲ್ಕುಲೇಟರು, ಸಿಡಿ. ಅಂಗಡಿಗಳ ಬೋರ್ಡುಗಳು ಕಮಾನಿನ ಬಾಯಿಯನ್ನೇ ಮುಚ್ಚಿದವು. ಅಣ್ಣ ಹೇಳಿಕೊಟ್ಟ ಪಾಠ ತಿರುವುಮುರುವಾಯಿತು, ಅವಸರದವರು ಕಂಬ ಬಿಟ್ಟು ರಸ್ತೆಗೇ ಇಳಿದರು. ಹೊಟ್ಟೆಪಾಡಿಗೆ ಕೂತವರನ್ನು ದೂರಲು ನನಗೆ ನಾಲಿಗೆ ಏಳುವುದಿಲ್ಲ. ನಾನೂ ಹೊಟ್ಟೆಪಾಡಿಗೇ ಈ ಊರಿಗೆ ಬಂದವನು. ಆದರೆ ಕಟ್ಟಿಸುವಾಗ ಇದ್ದ ಷರತ್ತು ಕಾಪಾಡುವಾಗ ಯಾರ ತಲೆಗೂ ಕಟ್ಟಿರಲಿಲ್ಲ ಎಂಬುದು ಆಗ ಗೊತ್ತಾಯಿತು.

1995ರ ಪರಂಪರೆ ನಿಯಮಗಳ ನಂತರ ಈ ರಸ್ತೆಯ ಕಡೆ ಸ್ವಲ್ಪ ಕಣ್ಣು ಬಿತ್ತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ತಂಡ ಮುಂಬಯಿ ಪ್ರದೇಶದ ಪರಂಪರೆ ಸಂರಕ್ಷಣಾ ಸೊಸೈಟಿಯ ನೆರವಿನಿಂದ ಕಟ್ಟಡ ಕಟ್ಟಡ ಅಳೆದು ಅಧ್ಯಯನ ಮಾಡಿತು. ಬೋರ್ಡು ಎಲ್ಲಿರಬೇಕು, ಎಷ್ಟಿರಬೇಕು ಎಂಬ ಸೂತ್ರ ಬಂತು, ಅಂಗಡಿಯವರೇ ಮಾತುಕತೆಗೆ ಕೂತರು, ಕಮಾನುಗಳ ಬಾಯಿ ಮತ್ತೆ ಕಂಡವು. 2004ರಲ್ಲಿ ಯುನೆಸ್ಕೋ ಈ ಕೆಲಸಕ್ಕೆ ಗೌರವ ಕೊಟ್ಟಿತು. ರೈಲು ನಿಲ್ದಾಣ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಅದೇ ವರ್ಷ. ಸರಕಾರದ ಖಜಾನೆಗೆ ಕಾಯದೆ ಇಷ್ಟಾದದ್ದು ನನಗೆ ಮತ್ತೆ ಆ 1896ನ್ನೇ ನೆನಪಿಸಿತು. ಆದರೆ ಇವರೂ ಉಳಿಸಿದ್ದು ಕಣ್ಣಿಗೆ ಕಾಣುವುದನ್ನು. ಕಾಲಿಗೆ ಬೇಕಾದದ್ದು ಇನ್ನೂ ಬಾಕಿ ಇತ್ತು.

ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿನ ಕಡೆಯಿಂದ ರಸ್ತೆ ದಾಟಿ ಟೈಮ್ಸ್ ಕಟ್ಟಡದ ಪಕ್ಕ ಇಳಿಯುವ ಕಾಲ್ಸೇತುವೆ ಇತ್ತಲ್ಲ, ಹಿಮಾಲಯ ಸೇತುವೆ. 2008ರ ನವೆಂಬರ್ ದಾಳಿಯ ನಂತರ ಜನ ಅದಕ್ಕೆ ಕಸಬನ ಹೆಸರಿಟ್ಟಿದ್ದರು. ಎಷ್ಟೋ ವರ್ಷ ನಾನು ಅದರ ಮೇಲೆ ನಡೆದವನು. ಆಮೇಲೆ ಮಗಳು ನಡೆದಳು, ಅವಳ ಆಫೀಸೂ ಫೋರ್ಟಿನಲ್ಲೇ.

2019ರ ಮಾರ್ಚ್ 14ರ ಸಂಜೆ ಏಳೂವರೆಯ ಸುಮಾರಿಗೆ ಅದರ ನೆಲ ಕುಸಿಯಿತು. ಟೀವಿಯಲ್ಲಿ ನೋಡಿದ ಕೂಡಲೇ ಮಗಳಿಗೆ ಫೋನ್ ಮಾಡಿದೆ, ತಾಗಲಿಲ್ಲ. ಮುಕ್ಕಾಲು ಗಂಟೆ ತಾಗಲಿಲ್ಲ. ಆಮೇಲೆ ಅವಳೇ ಮಾಡಿದಳು: ಆಫೀಸಿನಲ್ಲಿ ತಡವಾಗಿತ್ತು, ಅಷ್ಟೆ. ಏಳು ಮನೆಗಳಿಗೆ ಹಾಗೆ ಫೋನು ಬರಲಿಲ್ಲ. ಸತ್ತವರಲ್ಲಿ ಮೂವರು ಜಿ.ಟಿ. ಆಸ್ಪತ್ರೆಯ ದಾದಿಯರು. ಕೆಳಗೆ ಸಿಗ್ನಲ್ಲು ಕೆಂಪಿದ್ದುದರಿಂದ ವಾಹನಗಳು ನಿಂತಿದ್ದವು, ಇಲ್ಲದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು ಎಂದು ಪತ್ರಿಕೆಗಳು ಬರೆದವು.

ಸೇತುವೆ ರೈಲ್ವೆಯದೋ ಪಾಲಿಕೆಯದೋ ಎಂಬ ಜಗ್ಗಾಟ ಆ ರಾತ್ರಿಯೇ ನಡೆಯಿತು. ಕೊನೆಗೆ ಪಾಲಿಕೆಯದೆಂದು ತೀರ್ಮಾನವಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಆಡಿಟ್ ಆಗಿತ್ತು. ಸೇತುವೆ ಬಳಕೆಗೆ ಯೋಗ್ಯ, ಸಣ್ಣಪುಟ್ಟ ದುರಸ್ತಿ ಸಾಕು ಎಂಬ ವರದಿ ಬಂದಿತ್ತು. ಇದನ್ನೋದಿ ಆಫೀಸಿನ ನನ್ನ ಹಳೆಯ ಮೇಜು ಕಣ್ಣಿಗೆ ಬಂತು. ಹೊಸ ಕೆಲಸದ ಕಡತ ಬಂದರೆ ಹತ್ತು ಜನ ಓದುತ್ತಾರೆ, ಪ್ರಶ್ನೆ ಹಾಕುತ್ತಾರೆ, ವಾಪಸು ಕಳಿಸುತ್ತಾರೆ. ‘ಯೋಗ್ಯ’ ಎಂದು ಬರೆದ ಕಾಗದವನ್ನು ಯಾರೂ ಎರಡನೇ ಸಲ ಓದುವುದಿಲ್ಲ, ಅದಕ್ಕೆ ಹಣ ಕೇಳುವ ಸಾಲೇ ಇರುವುದಿಲ್ಲವಲ್ಲ. ಕ್ರಾಫರ್ಡನಿಗೆ ಹೆದರಿ ಕಟ್ಟಿದ ಬೇಲಿಯೆಲ್ಲ ಖರ್ಚಾಗುವ ರೂಪಾಯಿಗೆ. ಖರ್ಚಾಗದೆ ಉಳಿದ ರೂಪಾಯಿಯನ್ನು ಪ್ರಶ್ನಿಸುವ ಸಮಿತಿಯನ್ನು ಯಾವ ಕಾಯ್ದೆಯೂ ಮಾಡಿಲ್ಲ. ಪಾಲಿಕೆಯ ಕಟ್ಟಡದ ಮುಂದೆ ನಿಂತ ಫಿರೋಜ್‌ಶಾ ಮೆಹ್ತಾರ ಪ್ರತಿಮೆಯಿಂದ ಆ ಸೇತುವೆಯ ಜಾಗಕ್ಕೆ ಕೆಲವು ನಿಮಿಷದ ನಡಿಗೆ.

ಹೊಸ ಸೇತುವೆಗೆ ನಾಲ್ಕು ವರ್ಷ ಹಿಡಿಯಿತು. ವಿಶ್ವ ಪರಂಪರೆಯ ಕಟ್ಟಡದ ಮಗ್ಗುಲಲ್ಲಿ ಏನು ಎಬ್ಬಿಸಿದರೂ ಅದಕ್ಕೆ ಬೇರೆ ಒಪ್ಪಿಗೆ ಬೇಕು. ನಡುವೆ ಕೊರೋನಾ ಬಂತು. ಅಷ್ಟು ದಿನ ಜನ ಸಿಗ್ನಲ್ಲಿನಲ್ಲಿ ಗುಂಪುಗೂಡಿ, ಕೈ ಅಡ್ಡ ಹಿಡಿದು ದಾಟಿದರು. 2023ರ ಮಾರ್ಚ್ 30ರಂದು ಸೇತುವೆ ತೆರೆಯುವ ಹೊತ್ತಿಗೆ ಪಾಲಿಕೆಯಲ್ಲಿ ಆರಿಸಿಬಂದ ಸದಸ್ಯರಾಗಲಿ ಸ್ಥಾಯಿ ಸಮಿತಿಯಾಗಲಿ ಇರಲಿಲ್ಲ. ಹಿಂದಿನ ವರ್ಷವೇ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿದ್ದರು. ಮಂಜೂರು ಮಾಡುವವನೂ ಕೇಳುವವನೂ ಒಬ್ಬನೇ ಆದ ಕ್ರಾಫರ್ಡನ ಕಾಲ ನೆನಪಾಗಿ ನಗು ಬಂತು.

ಮೊನ್ನೆ ಮಳೆಗೆ ಸಿಕ್ಕಿ ಒಂದು ಕಮಾನಿನ ಕೆಳಗೆ ನಿಂತೆ. ಮೊಬೈಲ್ ಕವರ್ ಮಾರುವ ಹುಡುಗ ತನ್ನ ಪೆಟ್ಟಿಗೆಯನ್ನು ಅರ್ಧ ಅಡಿ ಒಳಗೆಳೆದು ನನಗೂ ಇಬ್ಬರು ಹೆಂಗಸರಿಗೂ ಜಾಗ ಮಾಡಿಕೊಟ್ಟ. ಮಳೆ ಬಿಟ್ಟ ಮೇಲೆ ಹೊಸ ಸೇತುವೆ ಹತ್ತಿ ನಿಲ್ದಾಣಕ್ಕೆ ಬಂದೆ. ಮೊಣಕಾಲು ನೋಯಿತು, ಆದರೆ ಸೇತುವೆ ಗಟ್ಟಿಯಾಗಿದೆ. ಮಗಳು ಮಾತ್ರ ಅದನ್ನು ಹತ್ತುವುದಿಲ್ಲ. ಕೆಳಗೆ ಸಿಗ್ನಲ್ಲಿನಲ್ಲೇ ನಿಂತು ದಾಟುತ್ತಾಳೆ. ನಾನೂ ಒತ್ತಾಯ ಮಾಡಲು ಹೋಗಿಲ್ಲ.