ಮಹಡಿ ಮನೆಯ ಪೈಲಟ್

ನಮ್ಮದು ಜಯನಗರ ನಾಲ್ಕನೆಯ 'ಟಿ' ಬ್ಲಾಕಿನ ಹಳೆಯ ಮನೆ. ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿಗೆ ತಾಯಿ ಮಗಳು ಇಬ್ಬರು ಬಂದ ಹೊಸದರಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಗೇಟಿನ ಮುಂದೆ ಕಾರು ಬಂದು ನಿಂತಿತು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಕಿಟಕಿಯಿಂದ ಇಣುಕಿದರೆ, ಬಿಳಿ ಷರ್ಟು, ಹೆಗಲ ಮೇಲೆ ಪಟ್ಟಿ, ಕೈಯಲ್ಲಿ ಚಕ್ರದ ಪೆಟ್ಟಿಗೆ ಹಿಡಿದ ಮಹಡಿಯ ಹುಡುಗಿ ಮೆಟ್ಟಿಲಿಳಿದು ಬರುತ್ತಿದ್ದಳು. ಬೆಳಿಗ್ಗೆ ಎದುರು ಮನೆಯಾಕೆ ಹಾಲು ತರುತ್ತಾ, "ಏನ್ರೀ, ನಿಮ್ಮನೆಗೆ ಅಷ್ಟು ಹೊತ್ತಿನಲ್ಲಿ ಕಾರು ಬರುತ್ತಲ್ಲ?" ಎಂದು ಕೇಳಿಯೂ ಕೇಳದ ಹಾಗೆ ಕೇಳಿದರು. "ಹುಡುಗಿ ಪೈಲಟ್ಟು ಕಣ್ರೀ" ಎಂದಾಗ ಅವರ ಮುಖ ನೋಡಬೇಕಿತ್ತು.

ನನಗೂ ಪೈಲಟ್ ಎಂದರೆ ಮಹಾರಾಜರ ಕೆಲಸ ಎಂಬ ಭಾವನೆಯೇ ಇತ್ತು. ಬೇಕಾದ ವಿಮಾನ, ಬೇಕಾದ ಊರು, ಕೈತುಂಬ ಸಂಬಳ. ಒಂದು ದಿನ ತಟ್ಟೆಯಲ್ಲಿ ಕೋಡುಬಳೆ ಇಟ್ಟುಕೊಂಡು ಕೇಳಿಯೇಬಿಟ್ಟೆ, "ನೀನು ಯಾವ ವಿಮಾನ ಆರಿಸಿಕೊಂಡೆ ಮರಿ?" ಅವಳು ನಕ್ಕಳು. "ಆಂಟಿ, ಇದು ಸೀರೆ ಅಂಗಡಿ ಅಲ್ಲ. ಯಾವುದಕ್ಕೆ ಟ್ರೈನಿಂಗ್ ಸಿಗುತ್ತೋ ಅದೇ ನಮ್ಮ ವಿಮಾನ."

ಆಮೇಲೆ ತಿಳಿಯುತ್ತಾ ಹೋಯಿತು. ಪೈಲಟ್ ಲೈಸೆನ್ಸು ಕಾರಿನ ಲೈಸೆನ್ಸಿನಂತಲ್ಲ. ಮಾರುತಿ ಓಡಿಸುವವರು ಅಂಬಾಸಿಡರನ್ನೂ ಓಡಿಸಬಹುದು. ಆದರೆ ಎಟಿಆರ್ ಹಾರಿಸುವವರು ಏರ್‌ಬಸ್ಸಿನಲ್ಲಿ ಕೂರಬೇಕಾದರೆ ಹೊಸದಾಗಿ ಕಲಿತು, ಪರೀಕ್ಷೆ ಕೊಟ್ಟು, ಆ ಜಾತಿಯ ವಿಮಾನಕ್ಕೆಂದೇ ಬೇರೆ ಅರ್ಹತೆ ಪಡೆಯಬೇಕು. ಅದಕ್ಕೆ ಲಕ್ಷಗಟ್ಟಲೆ ಖರ್ಚು. ಎಷ್ಟೋ ಮಕ್ಕಳು ಅದನ್ನು ತಮ್ಮ ಕೈಯಿಂದಲೇ ಕಟ್ಟುತ್ತಾರೆ. ಕಂಪನಿ ಕಟ್ಟಿದರೆ ಇಷ್ಟು ವರ್ಷ ಬಿಟ್ಟು ಹೋಗುವ ಹಾಗಿಲ್ಲ ಎಂದು ಬರೆಸಿಕೊಳ್ಳುತ್ತದೆ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಇಂಡಿಯನ್ ಏರ್‌ಲೈನ್ಸ್ ಡಕೋಟಾದಿಂದ ಶುರುಮಾಡಿ ವೈಕೌಂಟ್, ಫಾಕರ್ ಫ್ರೆಂಡ್‌ಶಿಪ್, ಬೋಯಿಂಗ್ 737 ಎಲ್ಲವನ್ನೂ ದಾಟಿ 1989ರಲ್ಲಿ ಏರ್‌ಬಸ್ 320 ತಂದಿತು. ಹಾರಾಟದಲ್ಲಿ ಕಂಪ್ಯೂಟರಿನ ಪಾಲು ಹಿಂದೆಂದೂ ಇಲ್ಲದಷ್ಟಿದ್ದ ವಿಮಾನ. ವರ್ಷ ತುಂಬುವುದರೊಳಗೆ, 1990ರ ಫೆಬ್ರವರಿ 14ರಂದು, ಬೊಂಬಾಯಿಯಿಂದ ಬಂದ ಅಂಥ ಒಂದು ವಿಮಾನ ನಮ್ಮ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯುವ ಮುನ್ನವೇ ಪಕ್ಕದ ಗಾಲ್ಫ್ ಮೈದಾನದಲ್ಲಿ ಬಿದ್ದು ಹೊತ್ತಿ ಉರಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಇಳಿಯುವಾಗ ಎಂಜಿನ್ನುಗಳು ತೀರಾ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದುದನ್ನು ಇಬ್ಬರು ಪೈಲಟ್ಟುಗಳೂ ಸಮಯಕ್ಕೆ ಗಮನಿಸಲಿಲ್ಲವೆಂದು ವಿಚಾರಣೆ ಹೇಳಿತು. ಅನುಭವವಿಲ್ಲದವರೇನೂ ಅಲ್ಲ. ಆ ಹೊಸ ವಿಮಾನಕ್ಕೆ ಮಾತ್ರ ಹೊಸಬರು.

ಹಾಗಾದರೆ ದೊಡ್ಡ ವಿಮಾನ ಯಾರಿಗೆ? ಹಿರಿತನಕ್ಕೆ. ಪೈಲಟ್ಟುಗಳಿಗೆ ಒಂದು ಪಟ್ಟಿ ಇರುತ್ತದಂತೆ, ಸೇರಿದ ದಿನದ ಲೆಕ್ಕದಲ್ಲಿ. ಅನೇಕ ಕಂಪನಿಗಳಲ್ಲಿ ಯಾರಿಗೆ ಯಾವ ವಿಮಾನ, ಯಾರು ಬೇಗ ಕ್ಯಾಪ್ಟನ್ ಆಗುತ್ತಾರೆ, ಯಾರಿಗೆ ಹಬ್ಬದ ದಿನ ರಜೆ, ಎಲ್ಲಕ್ಕೂ ಆ ಪಟ್ಟಿಯೇ ಆಧಾರ. ದೊಡ್ಡ ವಿಮಾನವೆಂದರೆ ದೂರದ ಹಾರಾಟ, ದೂರವೆಂದರೆ ಹೆಚ್ಚು ಗಂಟೆ, ಹೆಚ್ಚು ಗಂಟೆ ಎಂದರೆ ಹೆಚ್ಚು ಹಣ. ಈ ಮೂರೂ ಒಂದೇ ಗಂಟಿನ ಎಳೆಗಳು.

ಆ ಗಂಟು ಎಷ್ಟು ಬಿಗಿ ಎಂಬುದು ಗೊತ್ತಾಗಬೇಕಾದರೆ 2007 ನೆನೆಯಬೇಕು. ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಸರ್ಕಾರ ಒಂದು ಮಾಡಿತು. ಹೆಸರು ಒಂದಾಯಿತು, ಸಂಬಳದ ನಿಯಮ ಎರಡಾಗಿಯೇ ಉಳಿಯಿತು. ಅಣ್ಣ ತಮ್ಮಂದಿರನ್ನು ಒಂದೇ ಮನೆಯಲ್ಲಿಟ್ಟು ಒಲೆ ಮಾತ್ರ ಬೇರೆ ಹೂಡಿದ ಹಾಗೆ. 2011ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸಿನ ಪೈಲಟ್ಟುಗಳು ಸಮಾನ ಸಂಬಳ ಕೇಳಿ ಹತ್ತು ದಿನ ಮುಷ್ಕರ ಹೂಡಿದರು. ಮರುವರ್ಷ ಸರದಿ ಇನ್ನೊಂದು ಒಲೆಯವರದು. ಹೊಸ ಡ್ರೀಮ್‌ಲೈನರ್ ವಿಮಾನಗಳು ಬರುವುದರಲ್ಲಿದ್ದವು. ಅವುಗಳ ತರಬೇತಿಯಲ್ಲಿ ಆ ಕಡೆಯವರಿಗೂ ಪಾಲು ಏಕೆ ಎಂದು ಏರ್ ಇಂಡಿಯಾದ ಪೈಲಟ್ಟುಗಳು 2012ರ ಮೇ ತಿಂಗಳಲ್ಲಿ ಸಾಮೂಹಿಕವಾಗಿ 'ಮೈ ಸರಿಯಿಲ್ಲ' ಎಂದು ಚೀಟಿ ಕಳಿಸಿದರು. ಮೈ ಸರಿಹೋಗಲು 58 ದಿನ ಬೇಕಾಯಿತು! ವಿಮಾನ ಇನ್ನೂ ಅಂಗಳಕ್ಕೆ ಬಂದೇ ಇರಲಿಲ್ಲ. ಮೊದಲನೆಯದು ಬಂದದ್ದು ಸೆಪ್ಟೆಂಬರಿನಲ್ಲಿ. ಆಗ ಪತ್ರಿಕೆಯಲ್ಲಿ ಓದಿ ನಾನೂ 'ಹೊಟ್ಟೆ ತುಂಬಿದವರ ಜಗಳ' ಎಂದಿದ್ದೆ. ಹಿರಿತನದ ಪಟ್ಟಿಯಲ್ಲಿ ಹತ್ತು ಮೆಟ್ಟಿಲು ಕೆಳಗಿಳಿದರೆ ಕ್ಯಾಪ್ಟನ್ ಪಟ್ಟ ವರ್ಷಗಟ್ಟಲೆ ಹಿಂದೆ ಬೀಳುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಸಂಬಳದ ಲೆಕ್ಕವೂ ವಿಚಿತ್ರ. ಒಂದು ಭಾಗ ತಿಂಗಳ ಸಂಬಳ, ಇನ್ನೊಂದು ಭಾಗ ಹಾರಿದ ಗಂಟೆಗೆ ಇಷ್ಟು ಎಂದು. ಚಕ್ರದ ಅಡ್ಡಗಟ್ಟೆ ತೆಗೆದು ವಿಮಾನ ಕದಲಿದಾಗ ಆ ಗಡಿಯಾರ ಶುರು, ಹೋದ ಊರಲ್ಲಿ ಗಟ್ಟೆ ಇಟ್ಟಾಗ ನಿಂತಿತು. ಮಂಜು ಮುಸುಕಿ ನಿಲ್ದಾಣದಲ್ಲೇ ಮೂರು ಗಂಟೆ ಕುಳಿತರೆ ಅದು ಹಾರಾಟವಲ್ಲ. ಕೆಲವು ಕಂಪನಿಗಳು ತಿಂಗಳಿಗೆ ಇಂತಿಷ್ಟು ಗಂಟೆಯ ಹಣ ಖಾತರಿ ಎನ್ನುತ್ತವೆ, ಅಷ್ಟೆ. ಕಾಲು ಮುರಿದು ಮನೆಯಲ್ಲಿದ್ದರೆ, ವೈದ್ಯರು ತಾತ್ಕಾಲಿಕವಾಗಿ 'ಅನರ್ಹ' ಎಂದರೆ, ಗಂಟೆಯ ಹಣಕ್ಕೆ ಕತ್ತರಿ.

ಗಂಟೆಗೆ ದುಡ್ಡು ಎಂದಮೇಲೆ ಮನುಷ್ಯ ಗಂಟೆಯ ಹಿಂದೆ ಓಡುತ್ತಾನೆ. ಕಂಪನಿಯೂ ಓಡಿಸುತ್ತದೆ. ನಡುವೆ ನಿಲ್ಲಬೇಕಾದದ್ದು ಸರ್ಕಾರದ ನಿಯಮ. ವಾರಕ್ಕೆ 35 ಗಂಟೆ, ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವ ಹಾಗಿಲ್ಲ. ವಾರಕ್ಕೆ ಮೂವತ್ತೈದೇ, ಬ್ಯಾಂಕಿನವರೇ ಇನ್ನೂ ಹೆಚ್ಚು ದುಡಿಯುತ್ತಾರಲ್ಲ ಎಂದೆ. ಹುಡುಗಿ ಮಾತಾಡಲಿಲ್ಲ, ಅವಳ ತಾಯಿ ಮಾತಾಡಿದರು. "ಬೆಳಿಗ್ಗೆ ಆರರ ಫ್ಲೈಟು ಅಂದ್ರೆ ಇವಳು ಏಳೋದು ಎರಡಕ್ಕೆ ಕಣ್ರೀ. ಐದಕ್ಕೆ ಅಲ್ಲಿ ಹಾಜರಿ ಹಾಕಿದ ಮೇಲೆ ಡ್ಯೂಟಿ ಶುರು. ಎರಡರಿಂದ ಐದು ಯಾವ ಲೆಕ್ಕಕ್ಕೂ ಇಲ್ಲ."

ಇದು ನಮ್ಮ ಜಯನಗರ, ಜೆ.ಪಿ. ನಗರ, ಬನಶಂಕರಿಯವರಿಗೆ ಬೇಗ ಅರ್ಥವಾಗುತ್ತದೆ. ನಿಲ್ದಾಣ ಎಚ್.ಎ.ಎಲ್.ನಲ್ಲಿದ್ದಾಗ ನಸುಕಿನಲ್ಲಿ ಅರ್ಧ ಗಂಟೆ ಸಾಕಿತ್ತು. 2008ರ ಮೇ 24ರಿಂದ ಎಲ್ಲವೂ ದೇವನಹಳ್ಳಿಗೆ ಹೋಯಿತು. ಇಲ್ಲಿಂದ ನಲವತ್ತು ಕಿಲೋಮೀಟರ್ ಹತ್ತಿರ ಹತ್ತಿರ. ಊರು ಉತ್ತರಕ್ಕೆ ಎಳೆದ ಆ ದೂರ ಪೂರ್ತಿ ಇವಳ ನಿದ್ದೆಯಿಂದ ಕಳೆಯಿತು. "ಹೆಬ್ಬಾಳದ ಕಡೆ ಮನೆ ಮಾಡಬಾರದೆ?" ಎಂದೆ. ಅಜ್ಜಿ ಬನಶಂಕರಿಯಲ್ಲಿದ್ದಾರೆ, ವಾರಕ್ಕೆರಡು ದಿನ ತಾಯಿ ಅಲ್ಲಿಗೆ ಹೋಗಬೇಕು. ಮನೆ ಎಂದರೆ ಒಬ್ಬಳ ರೋಸ್ಟರ್ ಅಲ್ಲವಲ್ಲ.

ನಿದ್ದೆ ಹೋದರೆ ಏನು ಮಹಾ ಎನ್ನುವವರು ಮಂಗಳೂರನ್ನು ನೆನೆಯಲಿ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು ಎಂಟು. ಕ್ಯಾಪ್ಟನ್ ಹಾರಾಟದ ಹೊತ್ತಿನಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಹೋಗಿದ್ದುದು ಧ್ವನಿಮುದ್ರಣ ಯಂತ್ರದಲ್ಲಿ ದಾಖಲಾಗಿತ್ತು. ಎದ್ದಮೇಲೂ ಆ ಮಂಪರು ಹರಿದಿರಲಿಲ್ಲ, ಅವರ ನಿರ್ಧಾರ ಕೆಡಲು ಅದೂ ಒಂದು ಕಾರಣವಾಗಿರಬೇಕು ಎಂದಿತು ತನಿಖೆ. ವಿಮಾನ ವಿಪರೀತ ಎತ್ತರದಲ್ಲಿ ಬರುತ್ತಿದೆ, ಮತ್ತೆ ಮೇಲೇರೋಣ ಎಂದು ಪಕ್ಕದಲ್ಲಿದ್ದ ಸಹ ಪೈಲಟ್ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ನನ್ನ ಭಾವನ ಮನೆ ಮಂಗಳೂರಿನಲ್ಲೇ. ಆ ವಾರ ಬೀದಿಬೀದಿಯಲ್ಲಿ ಅಳು ಕೇಳಿಸುತ್ತಿತ್ತು ಎಂದು ಇಂದಿಗೂ ಹೇಳುತ್ತಾರೆ.

ಹೊಸ ವಿಶ್ರಾಂತಿ ನಿಯಮ ಹೊರಬಿದ್ದದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಎಂದರೆ ಹನ್ನೆರಡರಿಂದ ಐದು ಎಂದಿದ್ದದ್ದು ಆರರವರೆಗೆ ಆಯಿತು. ರಾತ್ರಿಯ ಇಳಿತಗಳು ಆರರಿಂದ ಎರಡಕ್ಕೆ ಇಳಿದವು. ಕಂಪನಿಗಳು ಒಪ್ಪಲಿಲ್ಲ, ನಿಯಮ ಮುಂದಕ್ಕೆ ಹೋಯಿತು, ವಿಷಯ ದೆಹಲಿ ಹೈಕೋರ್ಟಿನಲ್ಲಿತ್ತು. ಕೊನೆಗೆ 2025ರ ಜುಲೈ 1ರಂದು ಒಂದು ಕಂತು, ನವೆಂಬರ್ 1ರಂದು ಇನ್ನೊಂದು ಕಂತು ಜಾರಿಯಾಯಿತು. ಡಿಸೆಂಬರಿನ ಮೊದಲ ವಾರ ಏನಾಯಿತೆಂದು ನಿಮಗೆ ನೆನಪಿರಬಹುದು. ಹೊಸ ಲೆಕ್ಕಕ್ಕೆ ಬೇಕಾದಷ್ಟು ಪೈಲಟ್ಟುಗಳನ್ನು ಹೊಂದಿಸಿಕೊಳ್ಳದ ಇಂಡಿಗೊ, ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದು ಮಾಡಿತು. ದೇವನಹಳ್ಳಿಯಲ್ಲಿ ಜನ ಪೆಟ್ಟಿಗೆಗಳ ಮೇಲೇ ಮಲಗಿದರು. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಎಲ್ಲರೂ ಪೈಲಟ್ಟುಗಳನ್ನೇ ಬೈದರು. ರಾತ್ರಿಯ ನಿಯಮಗಳಿಂದ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಸಿಕ್ಕಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಹಿಡಿಯಬಾರದು ಎಂಬ ಷರತ್ತನ್ನು ಎಲ್ಲ ಕಂಪನಿಗಳಿಗೂ ಹಿಂತೆಗೆದುಕೊಂಡರು. ನನಗೆ ಸಿಟ್ಟು ಬಂದದ್ದು ಅಲ್ಲಿ. ನಿಯಮ ಬರುತ್ತದೆಂದು ಎರಡು ವರ್ಷದ ಮುಂಚೆ ಗೊತ್ತಿತ್ತು. ಮನೆಗೆ ನೆಂಟರು ಬರುತ್ತಾರೆಂದು ಗೊತ್ತಿದ್ದೂ ಅಕ್ಕಿ ತರಿಸದೆ, ಬಡಿಸುವವಳ ಊಟ ಕಿತ್ತುಕೊಂಡ ಹಾಗಾಯಿತು.

ಹೆಂಗಸರ ವಿಷಯಕ್ಕೆ ಬಂದರೆ, ಈ ಕೆಲಸದಲ್ಲಿ ಗಂಡಿಗೊಂದು ಹೆಣ್ಣಿಗೊಂದು ಗಂಟೆಯ ದರವಿಲ್ಲ. ಅಷ್ಟು ಸಮಾಧಾನ. 1947ರಲ್ಲಿ ಪ್ರೇಮ್ ಮಾಥುರ್ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸೇರಿದಾಗ ಅವರಿಗೆ ಸಹ ಪೈಲಟ್ ಜಾಗ ಕೊಟ್ಟರು, ಕ್ಯಾಪ್ಟನ್ ಜಾಗ ಕೊಡಲಿಲ್ಲ. ಇಂಡಿಯನ್ ಏರ್‌ಲೈನ್ಸಿಗೆ ದುರ್ಬಾ ಬ್ಯಾನರ್ಜಿ ಬಂದದ್ದು 1966ರಲ್ಲಿ. ಆ ಕಾಲದ ಏರ್ ಇಂಡಿಯಾ ಗಗನಸಖಿಯರ ಗತಿ ಕೇಳಿ: ಮೂವತ್ತೈದಕ್ಕೆ ನಿವೃತ್ತಿ, ಮೊದಲ ಬಸಿರಿಗೇ ಕೆಲಸ ಹೋಯಿತು. ಬಸಿರಿನ ನಿಯಮವನ್ನು ಸುಪ್ರೀಂ ಕೋರ್ಟು 1981ರಲ್ಲಿ ಹೊಡೆದುಹಾಕಿತು. ಸೇರಿದ ನಾಲ್ಕು ವರ್ಷ ಮದುವೆಯಾಗಬಾರದು ಎಂಬುದನ್ನು ಮಾತ್ರ ಸರಿ ಎಂದಿತು! ಈಗ ನಮ್ಮ ದೇಶದ ಪೈಲಟ್ಟುಗಳಲ್ಲಿ ನೂರಕ್ಕೆ ಹದಿನೈದರ ಆಸುಪಾಸು ಹೆಂಗಸರು. ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ ಇದರ ಅರ್ಧವೂ ಇಲ್ಲ. ಆದರೆ ಬಸಿರಾದರೆ ಹಾರಾಟ ನಿಲ್ಲುತ್ತದೆ, ಹಾರಾಟ ನಿಂತರೆ ಗಂಟೆ ನಿಲ್ಲುತ್ತದೆ. ದರ ಒಂದೇ ಆದರೂ ಕ್ಯಾಪ್ಟನ್ ಆಗಲು ಬೇಕಾದ ಗಂಟೆಗಳ ಲೆಕ್ಕದಲ್ಲಿ ಅವಳು ಹಿಂದೆ.

2021ರ ಜನವರಿ 11ರಂದು ನಾಲ್ವರು ಹೆಂಗಸರು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ನಮ್ಮ ಬೆಂಗಳೂರಿಗೆ ಬಂದಿಳಿದರು, ಜೋಯಾ ಅಗರ್‌ವಾಲ್ ಮುಂದಾಳು. ಟಿ.ವಿ.ಯಲ್ಲಿ ನೋಡಿ ನಾನು ಚಪ್ಪಾಳೆ ಹೊಡೆದಿದ್ದೆ. "ನಾಲ್ವರು ಯಾಕೆ ಗೊತ್ತಾ ಆಂಟಿ?" ಎಂದಳು ನಮ್ಮ ಹುಡುಗಿ. ಹದಿನೇಳು ಗಂಟೆಯ ದಾರಿ. ಇಬ್ಬರು ಹಾರಿಸುವಾಗ ಇಬ್ಬರು ಮಲಗಬೇಕೆಂಬುದು ನಿಯಮ. ವಿಮಾನದಲ್ಲೇ ಅದಕ್ಕೆ ಹಾಸಿಗೆ ಇದೆಯಂತೆ.

ಈಗ ಅವಳ ರೋಸ್ಟರ್ ಬಂದಾಗ ಒಂದು ಪ್ರತಿ ನಮ್ಮ ಫ್ರಿಜ್ಜಿನ ಬಾಗಿಲಿಗೂ ಬರುತ್ತದೆ. ಅವಳು ರಾತ್ರಿ ಹಾರಿ ಬಂದ ದಿನ ನಾನು ಕುಕ್ಕರ್ ಇಡುವುದು ಹನ್ನೆರಡರ ಮೇಲೆ. ಮಿಕ್ಸಿಯಂತೂ ಇಲ್ಲ, ತೆಂಗಿನಕಾಯಿ ಹಿಂದಿನ ರಾತ್ರಿಯೇ ರುಬ್ಬಿಡುತ್ತೇನೆ. ನಮ್ಮವರು "ಊಟ ತಡ" ಎಂದು ಗೊಣಗುತ್ತಾರೆ. ಸೊಪ್ಪಿನವನಿಗೆ ನಮ್ಮ ಗೇಟಿನ ಮುಂದೆ ಕೂಗಬೇಡಪ್ಪ ಎಂದಿದ್ದೇನೆ. ಪಾಪ, ಅವನು ಈಗ ಎದುರು ಮನೆಯ ಮುಂದೆ ನಿಂತು ನನ್ನ ಕಡೆ ಕೈ ಬೀಸುತ್ತಾನೆ.