ಡೊಳ್ಳಿನ ಹಾಡು ಮತ್ತು ನಮ್ಮ ಸೀಮೆ

ಶ್ರೀ ಬೀರೇಶ್ವರ ಪ್ರಸನ್ನ

ಮಿರಜವೆಂದರೆ ಎಲ್ಲರಿಗೂ ಸಿತಾರ, ತಂಬೂರಿ ನೆನಪು. 2024ರಲ್ಲಿ ಅವಕ್ಕೆ ಜಿ.ಐ. ಮಾನ್ಯತೆಯೂ ಸಿಕ್ಕಿತು, ಸಂತೋಷ. ಆದರೆ ಇದೇ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಕಂಬಳಿ ಹೊದ್ದ ಹಿರಿಯರು ಹಾಡುತ್ತ ಬಂದ ಡೊಳ್ಳಿನ ಹಾಡನ್ನು ಕೇಳುವವರಾರು?

ಈ ಹಾಡು ಬೀರಪ್ಪದೇವರ ಚರಿತ್ರೆ. ಮರಾಠಿ ಧನಗರ ಬಾಂಧವರು ಅದೇ ದೇವರನ್ನು ಬಿರೋಬಾ ಎಂದು ಓವಿಯಲ್ಲಿ ಹಾಡುತ್ತಾರೆ. ಕವಠೆಮಹಾಂಕಾಳ ತಾಲೂಕಿನ ಆರೇವಾಡಿಯಲ್ಲಿ ಭಂಡಾರ ಹಾರಿದ ಮೇಲೆ ಯಾರ ಮನೆಮಾತು ಯಾವುದೆಂದು ಗುರುತು ಹತ್ತುವುದಿಲ್ಲ. ದೀಪಾವಳಿಗೆ ಸೋಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ಗುರು ಬೀರಪ್ಪ, ಶಿಷ್ಯ ಮಾಳಿಂಗರಾಯರ ಪಲ್ಲಕ್ಕಿಗಳು ಭೇಟಿಯಾಗುವಾಗಲೂ ಹಾಗೆಯೇ. 1956ರ ಪ್ರಾಂತ ವಿಂಗಡಣೆಯ ಗೆರೆ ಡೊಳ್ಳಿಗೆ ಕಾಣಿಸಲಿಲ್ಲ!

ದೇವರ ಕಥೆಯೊಳಗೇ ನಮ್ಮ ಸೀಮೆಯೂ ಬರುತ್ತದೆ. ಬೋಳು ಗುಡ್ಡ, ಬತ್ತಿದ ಹಳ್ಳ, ಮೇವು ಹುಡುಕಿ ಹೊಳೆದಂಡೆಗೆ ಹೋಗುವ ಕುರಿಹಿಂಡು, ಮಳೆಯ ದಾರಿ ಕಾಯುವ ಕುರುಬ. ಇದರ ಬೆಲೆ ತಿಳಿದ ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಧನಗರರ ಓವಿಗಳನ್ನು ಸಂಗ್ರಹಿಸಿ, ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ದೇವರುಗಳ ಬಗ್ಗೆ 1976ರಲ್ಲಿ ಗ್ರಂಥ ಬರೆದರು.

ನಾವು ಮಾಡಿದ್ದೇನು? ರಾತ್ರಿಯಿಡೀ ಹಾಡುತ್ತಿದ್ದ ನಮ್ಮ ಗುಡಿಯ ಅಜ್ಜ ತೀರಿಕೊಂಡರು. ಅವರ ಬಾಯಲ್ಲಿದ್ದ ಪದಗಳೂ ಅವರೊಂದಿಗೇ ಹೋದವು. ಧ್ವನಿವರ್ಧಕದ ಬಾಡಿಗೆಗೆ ದುಡ್ಡು ಹೊಂದಿಸಿದ ಕಮಿಟಿ ಒಂದು ನೋಟುಬುಕ್ಕು ತರಲಿಲ್ಲ. ಆ ಕಮಿಟಿಯಲ್ಲಿ ನಾನೂ ಇದ್ದೆ.

ಈ ವರ್ಷ ಜಾತ್ರೆಯ ರಾತ್ರಿ ಕನ್ನಡದ ಡೊಳ್ಳಿನ ಮೇಳ, ಮರಾಠಿ ಓವಿಯ ಮೇಳ ಎರಡನ್ನೂ ಕರೆಸಿದ್ದೇವೆ. ಎರಡು ಪದ ಬಲ್ಲವರಾದರೂ ಸರಿ, ನನ್ನ ಕಿರಾಣಿ ಅಂಗಡಿಗೆ ಬಂದು ಬರೆಸಬೇಕಾಗಿ ವಿನಂತಿ. ನೋಟುಬುಕ್ಕು ಗಲ್ಲೆಯ ಮೇಲೆಯೇ ಇದೆ.